ಅಳಿಲು ಗುರುತಿನ ಚಾಕು

ನನಗೆ ಸಾಲಿನಲ್ಲಿ ನಿಲ್ಲಲು ಬರುವುದಿಲ್ಲ. ಮುಂದೆ ನಾಲ್ಕು ಜನ ಇದ್ದರೂ ಸಾಕು, ಕಾಲು ಬದಲಿಸುತ್ತೇನೆ, ಕೈಚೀಲದ ಜಿಪ್ಪು ತೆರೆದು ಮುಚ್ಚಿ ಮಾಡುತ್ತೇನೆ, ಪಕ್ಕದ ಸಾಲು ಬೇಗ ಸಾಗುತ್ತಿದೆಯೇನೋ ಎಂದು ಕತ್ತು ಉದ್ದ ಮಾಡಿ ನೋಡುತ್ತೇನೆ. ವಿಮೆ ಕಚೇರಿಯ ಕೌಂಟರಿನಲ್ಲಿ ಮೂವತ್ತು ವರ್ಷ ಕೂತು, ಎದುರು ನಿಂತವರ ತಾಳ್ಮೆಯನ್ನು ದಿನವೂ ನೋಡಿದವಳಿಗೆ ಅದರಲ್ಲಿ ಒಂದಿಷ್ಟಾದರೂ ಅಂಟಬೇಕಿತ್ತು. ಅಂಟಲಿಲ್ಲ. "ಇವಳ ಕಾಲಿಗೆ ಯಾರೋ ಚಕ್ರ ಕಟ್ಟಿ ಕಳಿಸಿದಾರೆ" ಎಂದು ಅಮ್ಮ ಬಂದವರ ಮುಂದೆಲ್ಲ ಹೇಳುತ್ತಿದ್ದಳು. ಅಪ್ಪ ಏನೂ ಹೇಳುತ್ತಿರಲಿಲ್ಲ, ಸುಮ್ಮನೆ ನೋಡುತ್ತಿದ್ದರು. ನಾನು ಬರೆಯಹೊರಟಿರುವುದು ಅಪ್ಪನ ಚಾಕುವಿನ ವಿಷಯ. ಆದರೆ ಆ ವಿಷಯ ಕೆಟ್ಟುಹೋದದ್ದು ನನ್ನ ಈ ಗುಣದಿಂದ, ಅದಕ್ಕೇ ಇದನ್ನು ಮೊದಲು ಹೇಳಿದೆ.

ಅಪ್ಪನಿಗೆ ಈಗ ಎಂಬತ್ತಾರು. ಪೆರಂಬೂರಿನ ರೈಲ್ವೆ ಕಾರ್ಖಾನೆಯ ಟೂಲ್ ರೂಮಿನಲ್ಲಿ ಇಡೀ ಕೆಲಸದ ಬಾಳು ಕಳೆದವರು. ಉಳಿಗಳು, ಡ್ರಿಲ್ಲುಗಳು, ಕೊರೆಯುವ ಕತ್ತರಿಸುವ ಸಮಸ್ತ ಉಪಕರಣಗಳು ಅವರ ಕೈ ದಾಟಿಯೇ ಹೊರಗೆ ಹೋಗಬೇಕು. ಅಳತೆಗೆ ಗೇಜು ಇದ್ದೇ ಇತ್ತು, ಆದರೆ ಅಪ್ಪ ಮೊದಲು ಬೆರಳು ಸವರಿ "ಎರಡು ತೌ ಜಾಸ್ತಿ" ಎನ್ನುತ್ತಿದ್ದರಂತೆ, ಆಮೇಲೆ ಗೇಜು ಹಿಡಿದರೆ ಅಷ್ಟೇ ಇರುತ್ತಿತ್ತಂತೆ. ತೌ ಎಂದರೆ ಇಂಚಿನ ಸಾವಿರದಲ್ಲೊಂದು ಪಾಲು. ಚಿಕ್ಕವಳಿದ್ದಾಗ ಇದನ್ನು ನಾನು ಅಪ್ಪನ ಬಡಾಯಿ ಎಂದುಕೊಂಡಿದ್ದೆ. ಅವರ ನಿವೃತ್ತಿಯ ದಿನ ಮೂರು ಜನ ಮೇಸ್ತ್ರಿಗಳು ಮೈಕಿನ ಮುಂದೆ ನಿಂತು ಅದನ್ನೇ ತಮಿಳಿನಲ್ಲಿ ಹೇಳಿದಾಗ ನಂಬಿದೆ.

ಅಮ್ಮ ಹೋದ ಮೇಲೆ ಅಪ್ಪ ವೇಲಚೇರಿಯ ನನ್ನ ಫ್ಲ್ಯಾಟಿಗೆ ಬಂದರು. ಗಂಡ ಬ್ಯಾಂಕಿನ ವರ್ಗಾವಣೆಯ ಮೇಲೆ ವಿಜಯವಾಡದಲ್ಲಿದ್ದಾರೆ. ಹಾಗಾಗಿ ಮನೆಯಲ್ಲಿ ಅಪ್ಪ, ನಾನು, ಮಗಳು, ಮೂರೇ ಜನ. ಅಪ್ಪನ ಎರಡೂ ಕಣ್ಣಿನಲ್ಲಿ ನಡುವಿನ ನೋಟ ಹೋಗಿದೆ. ಅಂಚು ಮಾತ್ರ ಕಾಣುತ್ತದೆ. ಎದುರು ಕೂತವರ ಮುಖ ಕಾಣುವುದಿಲ್ಲ, ಆದರೆ ಪಕ್ಕದ ಬಾಗಿಲಲ್ಲಿ ಯಾರು ಹಾದುಹೋದರೂ ತಿಳಿಯುತ್ತದೆ. ಓದು ಹೋಯಿತು, ಟೀವಿ ಹೋಯಿತು. ಉಳಿದದ್ದು ಕೈ.

ಆ ಕೈಗೆ ಜೋಡಿಯಾಗಿದ್ದದ್ದು ಚಾಕು. ಅಪ್ಪನಿಗೆ ಮದುವೆಯಾದ ಹೊಸದರಲ್ಲಿ ಬರ್ಮಾ ಬಜಾರಿನಲ್ಲಿ ಕೊಂಡದ್ದು. ಆಗ ಮದರಾಸಿನಲ್ಲಿ ಫಾರಿನ್ ಎಂದರೆ ಒಂದು ಹುಚ್ಚು. ಬಂದರಿನ ಪಕ್ಕದ ಆ ಅಂಗಡಿಗಳಲ್ಲಿ ಹಡಗಿನಿಂದ ಇಳಿದ ಛತ್ರಿ, ಸೋಪು, ಟೇಪ್ ರೆಕಾರ್ಡರ್, ಏನು ಸಿಕ್ಕರೂ ಜನ ಕೊಂಡು ತಂದು, ಸೋಪು ಕರಗಿದ ಮೇಲೂ ಅದರ ಕಾಗದವನ್ನು ಸೀರೆಗಳ ಮಧ್ಯೆ ಇಡುತ್ತಿದ್ದರು. ಅಪ್ಪ ಆ ಹುಚ್ಚಿನವರಲ್ಲ. ಇಡೀ ಬಜಾರಿನಲ್ಲಿ ಅವರು ಕೊಂಡದ್ದು ಅದೊಂದನ್ನೇ: ಮಡಚುವ ಚಾಕು, ಕೊಂಬಿನ ಹಿಡಿ, ಅಲಗಿನ ಬುಡದಲ್ಲಿ ಬಾಲ ಎತ್ತಿ ಕೂತ ಒಂದು ಅಳಿಲಿನ ಗುರುತು, ಅದರ ಕೆಳಗೆ ಅದನ್ನು ಮಾಡಿದ ದೂರದೇಶದ ಹೆಸರು. ಅಳಿಲು ಕಂಪನಿ ಎಂದರೆ ಚಾಕುಗಳಲ್ಲಿ ಹಳೆಯ ಹೆಸರು. ಟೂಲ್ ರೂಮಿನವರೆಲ್ಲ ಅದನ್ನು ಕೈಯಲ್ಲಿ ಹಿಡಿದು, ತೆರೆದು, ಮುಚ್ಚಿ, ಒಪ್ಪಿದರಂತೆ.

ಅದನ್ನು ತೆರೆದರೆ ಒಂದು ಸಣ್ಣ ಟಕ್ ಸದ್ದು ಬರುತ್ತಿತ್ತು. ಪರೀಕ್ಷೆಯ ಬೆಳಿಗ್ಗೆ ಅಪ್ಪ ನನ್ನ ಪೆನ್ಸಿಲು ಕೆತ್ತಿಕೊಡುತ್ತಿದ್ದಾಗಿನಿಂದ ಆ ಸದ್ದು ನನ್ನ ಕಿವಿಯಲ್ಲಿದೆ. ಕಪ್ಪು ಕಲ್ಲಿನ ಮೇಲೆ ಒಂದು ತೊಟ್ಟು ತೆಂಗಿನೆಣ್ಣೆ ಹಾಕಿ ಅವರೇ ಮಸೆಯುತ್ತಿದ್ದರು. ಮಸೆದು ಮಸೆದು ಅಲಗು ಅರ್ಧ ಸವೆದಿತ್ತು. ಹಿಡಿಯ ಮೇಲೆ ಹೆಬ್ಬೆರಳು ಕೂರುವ ಜಾಗ ತಗ್ಗಾಗಿತ್ತು. ದೇವರ ಮುಂದಿನ ಹಣ್ಣಿಗೆ ಅದೇ ಚಾಕು, ಹಾಗಾಗಿ ಈರುಳ್ಳಿಗೆ ಅದನ್ನು ಮುಟ್ಟುವಂತಿಲ್ಲ. ದಿನಾ ಸಂಜೆ ನಾಲ್ಕು ಗಂಟೆಗೆ ಅಪ್ಪ ಊಟದ ಮೇಜಿನ ಹತ್ತಿರ ಕೂತು, ಮನೆಯಲ್ಲಿ ಯಾವ ಹಣ್ಣಿದೆಯೋ ಅದನ್ನು ಸುಲಿದು ಹೆಚ್ಚಿ ಮೂರು ತಟ್ಟೆಗೆ ಹಾಕುತ್ತಿದ್ದರು. ಕಣ್ಣು ಹೋದ ಮೇಲೂ ಸೇಬಿನ ಸಿಪ್ಪೆ ಒಂದೇ ಎಳೆಯಾಗಿ ಬರುತ್ತಿತ್ತು. ಮನೆಯಲ್ಲಿ ಅವರು ಮಾಡುವ ಕೆಲಸ ಅಂತ ಇದ್ದದ್ದು ಅದೊಂದೇ, ಅದನ್ನು ಅವರು ಡ್ಯೂಟಿ ಎನ್ನುತ್ತಿದ್ದರು.

ಇನ್ನೊಂದು ಮಾತು. ನಮ್ಮ ಮನೆಯಲ್ಲಿ ಚಾಕುವನ್ನು ಕೈಯಿಂದ ಕೈಗೆ ಕೊಡುವುದಿಲ್ಲ. ಕೆಳಗಿಡಬೇಕು, ಬೇಕಾದವರು ಎತ್ತಿಕೊಳ್ಳಬೇಕು. ಕೈಗೇ ಕೊಟ್ಟರೆ ಕೊಟ್ಟವರಿಗೂ ತಗೊಂಡವರಿಗೂ ಜಗಳ ಆಗುತ್ತದೆ ಎಂದು ಅಮ್ಮ ಹೇಳುತ್ತಿದ್ದಳು. ಉಪ್ಪು, ಎಣ್ಣೆಗೂ ಅವಳದು ಅದೇ ಕಾನೂನು. ಅಮ್ಮನ ಉಳಿದ ಶಕುನಗಳಿಗೆಲ್ಲ ನಗುತ್ತಿದ್ದ ಅಪ್ಪ ಇದೊಂದನ್ನು ಮಾತ್ರ ಚಾಚೂ ತಪ್ಪದೆ ಪಾಲಿಸುತ್ತಿದ್ದರು. ಟೂಲ್ ರೂಮಿನಲ್ಲೂ ಹರಿತವಾದದ್ದನ್ನು ಬೆಂಚಿನ ಮೇಲಿಟ್ಟೇ ಕೊಡುವುದಂತೆ. ಇಬ್ಬರ ಕಾರಣಗಳೂ ಬೇರೆ, ಆದರೆ ಐವತ್ತು ವರ್ಷದ ಸಂಸಾರದಲ್ಲಿ ಅವರು ಒಂದೇ ಸಲ ಪೂರ್ತಿ ಒಪ್ಪಿದ ವಿಷಯ ಬಹುಶಃ ಇದೇ.

ಕಳೆದ ಮಾವಿನ ಕಾಲದಲ್ಲಿ ಒಂದು ಬೆಳಿಗ್ಗೆ ಕೋಯಂಬೇಡಿಗೆ ಹೊರಟೆ. ಅಪ್ಪನಿಗೆ ಬಂಗನಪಳ್ಳಿ ಎಂದರೆ ಪ್ರಾಣ. ಅಲ್ಲಿ ಹಣ್ಣು ಕೊಳ್ಳುವ ಮುಂಚೆ ಒಂದನ್ನು ಕೊಯ್ದು ರುಚಿ ನೋಡುವುದು ನನ್ನ ಅಭ್ಯಾಸ. ವ್ಯಾಪಾರಿಯ ಕತ್ತಿ ಯಾವ ನೀರಿನಲ್ಲಿ ಮುಳುಗಿ ಎದ್ದಿರುತ್ತದೋ ಎಂದು ಮನೆಯಿಂದಲೇ ಒಂದು ಸಣ್ಣ ಚಾಕು ಒಯ್ಯುತ್ತೇನೆ. ಹೋಗಿಬರುವುದು ಯಾವಾಗಲೂ ಬಸ್ಸಿನಲ್ಲಿ. ಅವತ್ತು ಆ ಚಾಕು ಸಿಗಲಿಲ್ಲ. ಹುಡುಕುವಷ್ಟು ಪುರುಸೊತ್ತು ನನಗೆಲ್ಲಿ? ಅಪ್ಪ ಸ್ನಾನಕ್ಕೆ ಹೋಗಿದ್ದರು. ಅವರು ಕನ್ನಡಕ ಇಡುವ ತಟ್ಟೆಯಿಂದ ಅಳಿಲು ಚಾಕುವನ್ನು ಎತ್ತಿ ಚೀಲಕ್ಕೆ ಹಾಕಿಕೊಂಡು ನಡೆದುಬಿಟ್ಟೆ. ಹೇಳದೆ ತೆಗೆದುಕೊಂಡೆ, ಅದು ಮೊದಲನೆಯ ತಪ್ಪು.

ವಾಪಸು ಬರುವಾಗ ಬಿಸಿಲು ಏರಿತ್ತು. ಎರಡು ಕೈಯಲ್ಲೂ ಹಣ್ಣಿನ ಚೀಲ. ಬಸ್ಸು ಬೇಡ, ಮೆಟ್ರೊ ಹಿಡಿದು ಆಲಂದೂರಿನಲ್ಲಿ ಇಳಿದು ಆಟೊ ಮಾಡೋಣ ಎಂದುಕೊಂಡೆ. ಚೀಲಗಳು ತಪಾಸಣೆ ಯಂತ್ರದೊಳಗೆ ಹೋಗಿ ಆಚೆ ಬಂದವು. ಕಾವಲಿನವನು ಕೈ ಎತ್ತಿ ನಿಲ್ಲಿಸಿದ.

"ಅಮ್ಮಾ, ಇದು ಉಳ್ಳೆ ಕೊಂಡುಪೋಗ ಕೂಡಾದು. ವೆಳಿಯೆ ಪೋಂಗ, ಇಲ್ಲೇನಾ ಇಂದ ಪೆಟ್ಟಿಯಿಲೆ ಪೋಡುಂಗ."

ಚಾಕು ಒಳಗೆ ಒಯ್ಯುವಂತಿಲ್ಲ. ಹೊರಗೆ ಹೋಗಿ, ಇಲ್ಲವೇ ಆ ಪೆಟ್ಟಿಗೆಗೆ ಹಾಕಿ ಎಂದ. ಅವನದು ತಪ್ಪೇನಿಲ್ಲ, ಬಹಳ ಮರ್ಯಾದೆಯಿಂದಲೇ ಹೇಳಿದ. ಹಿಂದೆ ಸಾಲು ಬೆಳೆಯುತ್ತಿತ್ತು, ಯಾರೋ ತಟ್ ತಟ್ ಎಂದು ನಾಲಿಗೆ ಸದ್ದು ಮಾಡಿದರು. ಮೇಲೆ ರೈಲು ಬಂದ ಶಬ್ದ ಕೇಳಿಸಿತು. ಹೊರಗೆ ಹೋಗಿ ಬಸ್ಸು ಹಿಡಿದಿದ್ದರೆ ಮುಗಿದುಹೋಗುತ್ತಿತ್ತು, ಹೆಚ್ಚೆಂದರೆ ಒಂದು ಗಂಟೆ ತಡ. ನಾನು ಚಾಕುವನ್ನು ಪೆಟ್ಟಿಗೆಗೆ ಹಾಕಿ ಮೆಟ್ಟಿಲು ಹತ್ತಿದೆ. ಅದು ಬಿದ್ದ ಸದ್ದು ಕೂಡ ಕೇಳಿಸಿಕೊಳ್ಳಲಿಲ್ಲ.

ಎರಡು ನಿಲ್ದಾಣ ದಾಟಿದ ಮೇಲೆ ಏನು ಮಾಡಿದೆ ಎಂದು ಹೊಳೆಯಿತು. ಇಳಿದೆ, ಎದುರು ಬದಿಯ ರೈಲು ಹಿಡಿದು ವಾಪಸು ಹೋದೆ. ಅಷ್ಟರಲ್ಲಿ ಪಾಳಿ ಬದಲಾಗಿತ್ತು, ಪೆಟ್ಟಿಗೆಯನ್ನು ಖಾಲಿ ಮಾಡಿ ಎಲ್ಲಿಗೋ ಒಯ್ದಿದ್ದರು. ಹಾಕಿದ ವಸ್ತುವನ್ನು ಮರಳಿ ಕೊಡುವ ಪದ್ಧತಿ ಇಲ್ಲ ಎಂದರು. ನಾನು ಅಲ್ಲೇ ನಿಂತು ಒಬ್ಬಳೇ ನನ್ನನ್ನು ಬೈದುಕೊಂಡೆ, ಕನ್ನಡದಲ್ಲಿ, ಜೋರಾಗಿಯೇ. ಅರ್ಥವಾಗದವರು ಪಕ್ಕಕ್ಕೆ ಸರಿದು ಹೋದರು.

ಸಂಜೆ ನಾಲ್ಕಕ್ಕೆ ಅಪ್ಪ ಕನ್ನಡಕದ ತಟ್ಟೆ ತಡವಿದರು. "ಚಾಕು ಎಲ್ಲಮ್ಮ?"

"ಸಾಣೆ ಹಿಡಿಸೋಕೆ ಕೊಟ್ಟಿದೀನಿ ಅಪ್ಪ" ಎಂದೆ. ಬಾಯಿಗೆ ಬಂದದ್ದು ಅದು.

"ಸಾಣೆಗಾ? ನನ್ನ ಚಾಕುನಾ?" ಅಪ್ಪನಿಗೆ ಅದು ಅವಮಾನ. ಅವರ ಚಾಕುವಿಗೆ ಹೊರಗಿನವನ ಸಾಣೆಯೇ? ಆದರೂ ಮಾತು ಬೆಳೆಸಲಿಲ್ಲ. "ಸರಿ, ಬರಲಿ" ಎಂದರು. ಅವತ್ತು ಮಾವಿನಹಣ್ಣನ್ನು ನಾನು ಹೆಚ್ಚಿದೆ. ಅಪ್ಪ ತಿಂದರು, ಚೆನ್ನಾಗಿದೆ ಎಂದರು.

ಮಗಳಿಗೆ ಹೇಳಿದೆ. ಅವಳಿಗೆ ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಬರುವುದು ತಮಿಳಿನಲ್ಲೇ. ಫೋನಿನಲ್ಲಿ ಎರಡು ನಿಮಿಷ ಬೆರಳಾಡಿಸಿ ಅದೇ ಅಳಿಲು ಗುರುತಿನ ಚಾಕು ತೋರಿಸಿದಳು. ಅದೇ ಕಂಪನಿ, ಅದೇ ಅಚ್ಚು, ಅದೇ ಕಂದು ಹಿಡಿ. ಕಂಪನಿ ಈಗ ಇಲ್ಲೂ ತಯಾರು ಮಾಡಿಸುತ್ತದಂತೆ, ಅದು ಎರಡು ದಿನದಲ್ಲಿ ಬರುತ್ತದೆ, ಹೊರದೇಶದ್ದು ಬೇಕಾದರೆ ಮೂರು ವಾರ. ಮೂರು ವಾರ ಕಾಯುವವಳೇ ನಾನು? ಇಲ್ಲಿಯದನ್ನೇ ತರಿಸು ಎಂದೆ. "ತಾತಾವುಕ್ಕು ತೆರಿಯವೇ ತೆರಿಯಾದು ಮಾ" ಎಂದಳು. ತಾತನಿಗೆ ಗೊತ್ತೇ ಆಗುವುದಿಲ್ಲವಂತೆ. ನನಗೂ ಹಾಗೇ ನಂಬಬೇಕಿತ್ತು, ನಂಬಿದೆ.

ಬಂದ ಚಾಕು ಥಳಥಳ ಎನ್ನುತ್ತಿತ್ತು. ಅಳಿಲು ಅದೇ ಅಳಿಲು. ಕೆಳಗೆ ಮಾತ್ರ ನಮ್ಮ ದೇಶದ ಹೆಸರು. ಗಲ್ಲಿಗಲ್ಲಿ ಸುತ್ತಿ ಸಾಣೆ ಹಿಡಿಯುವವನನ್ನು ಹುಡುಕಿ, ಅಲಗನ್ನು ಅರ್ಧ ಸವೆಸಿಕೊಡು ಎಂದೆ. ಅವನು ನನ್ನ ಮುಖ ನೋಡಿದ. ಹೊಸ ಚಾಕುವನ್ನು ಹಳೆಯದು ಮಾಡಿಕೊಡಿ ಎಂದು ಕೇಳಿದ ಗಿರಾಕಿ ಅವನಿಗೆ ನಾನೇ ಮೊದಲು. ಮನೆಗೆ ತಂದು ಹಿಡಿಗೆ ಎಣ್ಣೆ ಹಚ್ಚಿದೆ, ಉಜ್ಜುಕಾಗದದಿಂದ ಹೆಬ್ಬೆರಳಿನ ತಗ್ಗು ಕೂಡ ಮಾಡಿದೆ. ಆ ಎರಡು ದಿನ ನನಗೆ ಕೂತರೆ ಕೂರಲಾಗದು, ನಿಂತರೆ ನಿಲ್ಲಲಾಗದು. ಇಷ್ಟು ಕೆಲಸವನ್ನು ನಾನು ನನ್ನ ಸ್ವಂತ ಮದುವೆಗೂ ಮಾಡಿರಲಿಲ್ಲ.

ನಾಲ್ಕು ಗಂಟೆಗೆ ಅದನ್ನು ಮೇಜಿನ ಮೇಲಿಟ್ಟೆ. ಅಪ್ಪ ಎತ್ತಿಕೊಂಡರು. ಹಿಡಿದ ಕೂಡಲೇ ಕೈ ನಿಂತಿತು. ತೆರೆದರು. ಸದ್ದು ಬಂತು, ಸ್ವಲ್ಪ ಗಡುಸು. ಮುಚ್ಚಿದರು. ಮತ್ತೆ ತೆರೆದರು.

"ಇದು ನಂದಲ್ಲ ಕಣಮ್ಮ."

ಆಗಲೇ ಹೇಳಿಬಿಡಬಹುದಿತ್ತು. ಎರಡು ಬೈಗುಳ ತಿಂದು ಮುಗಿಸಬಹುದಿತ್ತು. ನನಗೆ ಅಷ್ಟು ಹೊತ್ತಿಗೆ ಆ ಚಾಕುವಿನ ಮೇಲೆಯೇ ಸಿಟ್ಟು ಬಂದಿತ್ತು, ಅದರ ಹಿಂದೆ ಓಡಿ ಓಡಿ ಸುಸ್ತಾಗಿತ್ತು. "ನಿಮ್ದೇ ಅಪ್ಪ. ಸಾಣೆ ಹಿಡಿಸಿದ್ದಕ್ಕೆ ಹಾಗನ್ನಿಸ್ತಿದೆ. ನಿಮಗೇ ಈಚೆಗೆ ಮರೆವು, ಕೈಗೂ ಮರೆತುಹೋಗಿದೆ ಅಷ್ಟೆ" ಎಂದುಬಿಟ್ಟೆ.

ಅಪ್ಪ ನನ್ನ ಕಡೆ ಮುಖ ತಿರುಗಿಸಿದರು. ನಡುವಿನ ನೋಟ ಇಲ್ಲದವರು, ನನ್ನನ್ನು ನೋಡಲು ಕಣ್ಣು ಪಕ್ಕಕ್ಕೆ ಹೊರಳಿಸಬೇಕು. ಹಾಗೆ ಹೊರಳಿಸಿ ನೋಡಿದರು. "ಹೌದೇನೋ" ಎಂದರು. ಅವತ್ತು ಸಿಪ್ಪೆ ಎರಡು ಕಡೆ ತುಂಡಾಯಿತು.

ಮಾರನೆಯ ದಿನ ಅವರು ಚಾಕು ಮುಟ್ಟಲಿಲ್ಲ. "ನೀನೇ ಹೆಚ್ಚಮ್ಮ" ಎಂದರು. ಒಂದು ದಿನ ತಾನೇ ಎಂದು ನಾನು ಸುಮ್ಮನಿದ್ದೆ. ಮೂರನೆಯ ದಿನ ಕೈಗಡಿಯಾರ ಬಿಚ್ಚಿ ನನಗೆ ಕೊಟ್ಟರು, ಕೀ ಕೊಡುವುದನ್ನು ಮರೆತರೆ ಅದು ನಿಂತುಹೋಗುತ್ತೆ, ನೀನೇ ಕೊಡು ಎಂದು. ಐವತ್ತು ವರ್ಷದಲ್ಲಿ ಅವರು ಒಂದು ದಿನವೂ ಮರೆತದ್ದಿಲ್ಲ. ಕೆಳಗೆ ಬೇವಿನ ಮರದ ಬೆಂಚಿನಲ್ಲಿ ಸಂಜೆ ಹೊತ್ತು ಕೂಡುವ ನಾಲ್ಕು ಮುದುಕರಿದ್ದಾರೆ, ಅಪ್ಪ ಲಿಫ್ಟಿನ ಗುಂಡಿಗಳನ್ನು ಎಣಿಸಿಕೊಂಡು ಒಬ್ಬರೇ ಇಳಿದು ಹೋಗುತ್ತಿದ್ದರು. ಅದನ್ನು ಬಿಟ್ಟರು. "ವಾಪಸು ಬರೋಕೆ ಗೊತ್ತಾಗ್ದಿದ್ರೆ?" ಎಂದರು. ಬೆಳಿಗ್ಗೆ ಎದ್ದ ಕೂಡಲೇ ಇವತ್ತು ಯಾವ ವಾರ ಎಂದು ಕೇಳತೊಡಗಿದರು. ಕೇಳುವಾಗ ಉತ್ತರ ಅವರಿಗೆ ಗೊತ್ತಿರುತ್ತಿತ್ತು, ಸರಿಯೋ ತಪ್ಪೋ ಎಂದು ನನ್ನ ಬಾಯಿಂದ ಕೇಳಿ ಖಾತ್ರಿ ಮಾಡಿಕೊಳ್ಳುತ್ತಿದ್ದರು.

ನಾನು ಅಡುಗೆಮನೆಯಿಂದ ಬಾಲ್ಕನಿಗೆ, ಬಾಲ್ಕನಿಯಿಂದ ಅಡುಗೆಮನೆಗೆ ಓಡಾಡಿದೆ. ಸರಿಯಾಗಿದ್ದ ಅಪ್ಪನ ತಲೆಯನ್ನು ನಾನೇ ಒಂದು ಮಾತಿನಿಂದ ಕೆಡಿಸಿದ್ದೆ. ಅದು ನನಗೆ ಸ್ಪಷ್ಟವಾಗಿ ಗೊತ್ತಿತ್ತು, ಹೇಳಿದರೆ ಸರಿಹೋಗುತ್ತದೆ ಎಂಬುದೂ ಗೊತ್ತಿತ್ತು. ಆದರೆ ದಿನ ಕಳೆದಂತೆಲ್ಲ ಹೇಳಬೇಕಾದದ್ದು ದೊಡ್ಡದಾಗುತ್ತಿತ್ತು. ಚಾಕು ಕಳೆದೆ ಎಂದು ಹೇಳುವುದು ಸುಲಭ. ನಿಮಗೆ ಮರೆವಿಲ್ಲ, ನಾನು ಬೇಕೆಂದೇ ಹಾಗಂದೆ ಎಂದು ಹೇಳುವುದು ಹೇಗೆ?

ಎರಡನೆಯ ವಾರ ಅಪ್ಪನೇ ಕೇಳಿದರು. "ಮರೆವಿಗೆ ಅಂತ ಡಾಕ್ಟರು ಇರ್ತಾರಂತಲ್ಲ. ಒಂದ್ಸಲ ಕರ್ಕೊಂಡು ಹೋಗು. ಮುಂಚೇನೇ ಗೊತ್ತಾದ್ರೆ ನಿನಗೂ ಒಳ್ಳೇದು." ಸೋಮವಾರ ಹನ್ನೊಂದಕ್ಕೆ ಸಮಯ ಸಿಕ್ಕಿತು.

ಸೋಮವಾರದೊಳಗೆ ಅಪ್ಪನ ಕೈಗೆ ಅವರ ಚಾಕು ಮರಳಿ ಸಿಕ್ಕಂತೆ ಆಗಬೇಕು ಎಂದು ನನ್ನ ತಲೆಗೆ ಹೊಳೆದದ್ದು ಶುಕ್ರವಾರ. ತಪ್ಪಾದದ್ದು ಎಲ್ಲಿ? ನಾನು ಇಲ್ಲಿಯದನ್ನು ಕೊಂಡದ್ದರಲ್ಲಿ. ಹೊರದೇಶದ್ದೇ ತಂದಿಟ್ಟರೆ ಅಪ್ಪನ ಕೈ ಗುರುತು ಹಿಡಿಯುತ್ತದೆ, "ಅರೆ, ನಂದೇ" ಎನ್ನುತ್ತಾರೆ, ಡಾಕ್ಟರೂ ಬೇಡ, ಏನೂ ಬೇಡ. ಈಗ ಬರೆಯುವಾಗ ಇದು ಎಂಥ ಪೆದ್ದುತನ ಎಂದು ಕಾಣುತ್ತದೆ. ಅವತ್ತು ನನಗೆ ಅದು ದೇವರೇ ತೋರಿಸಿದ ದಾರಿ ಎನ್ನಿಸಿತ್ತು.

ಶನಿವಾರ ಸೌಕಾರ್‌ಪೇಟೆಗೆ ಹೋದೆ. ಸ್ಟೀಲು ಪಾತ್ರೆಗಳ ಸಾಲಿನ ಹಿಂದೆ, ಕತ್ತರಿ ಚಾಕುಗಳದೇ ಒಂದು ಅಂಗಡಿ. ಎರಡು ಆಳು ನಿಂತರೆ ತುಂಬಿಹೋಗುವಷ್ಟು ಜಾಗ. ವಯಸ್ಸಾದ ಸೇಠ್‌ಜಿ, ಅವರ ತಮಿಳು ನನ್ನ ತಮಿಳಿಗಿಂತ ಚೆನ್ನಾಗಿತ್ತು. ಅಳಿಲು ಗುರುತು ಎಂದ ಕೂಡಲೇ ಒಂದು ಕೆಂಪು ಬಟ್ಟೆ ಹಾಸಿ ಎರಡು ಚಾಕು ಇಟ್ಟರು. ಒಂದು ಇಲ್ಲಿಯದು, ಒಂದು ಅಲ್ಲಿಯದು.

ವ್ಯತ್ಯಾಸ ಏನು ಎಂದು ಕೇಳಿದೆ. ಅವರು ನಕ್ಕರು. ಹೆಸರು ಒಂದೇ, ಅಚ್ಚು ಒಂದೇ, ಮಾಡುವ ಊರು ಬೇರೆ ಎಂದರು. ಬರುವ ಗಿರಾಕಿಗಳಲ್ಲಿ ಮುಕ್ಕಾಲು ಪಾಲು ಫಾರಿನ್ನೇ ಬೇಕು ಎನ್ನುತ್ತಾರೆ, ಡಬ್ಬ ನೋಡುತ್ತಾರೆ, ಅಕ್ಷರ ಓದುತ್ತಾರೆ, ಅಲಗನ್ನು ಯಾರೂ ಮುಟ್ಟಿ ನೋಡುವುದಿಲ್ಲವಂತೆ. "ನೀಂಗ ಯಾವುದು ಇಟ್ಕೊಂಡಿದೀರಿ?" ಎಂದು ಎರಡೂ ಭಾಷೆ ಕಲಸಿ ಕೇಳಿದೆ. ಅವರು ಜೇಬಿನಿಂದ ತೆಗೆದು ತೋರಿಸಿದರು, ಇಲ್ಲಿಯದು, ದಾರ ಕತ್ತರಿಸಿ ಕತ್ತರಿಸಿ ಕಪ್ಪಾಗಿತ್ತು. "ಕಣ್ಣು ಮುಚ್ಚಿಕೊಂಡು ಹಿಡಿದು ನೋಡಿ, ಯಾವುದು ಯಾವುದು ಅಂತ ಯಾರಿಗೂ ಗೊತ್ತಾಗಲ್ಲಮ್ಮ" ಎಂದು ತಮಿಳಿನಲ್ಲಿ ಹೇಳಿದರು. ನಾನು ಕಣ್ಣು ಮುಚ್ಚಿ ಒಂದೊಂದನ್ನೇ ಹಿಡಿದೆ. ನಿಜ, ನನಗೆ ಗೊತ್ತಾಗಲಿಲ್ಲ. ಆದರೂ ಹೊರದೇಶದ್ದನ್ನೇ ಕಟ್ಟಿಸಿಕೊಂಡೆ, ಡಬ್ಬವನ್ನು ಅಲ್ಲೇ ಬಿಟ್ಟು ಬಂದೆ. ಈ ಸಲ ಸಾಣೆಯವನ ಹತ್ತಿರ ಹೋಗಲಿಲ್ಲ, ಸಾಣೆಯೇ ಎಲ್ಲ ಕೆಡಿಸಿತು ಎಂದು ನನ್ನ ಲೆಕ್ಕಾಚಾರ.

ಭಾನುವಾರ ನಾಲ್ಕು ಗಂಟೆಗೆ ಅದನ್ನು ಒಂದು ಸೇಬಿನ ಪಕ್ಕದಲ್ಲಿಟ್ಟು, "ಅಪ್ಪ, ಇವತ್ತು ನೀವೇ ಹೆಚ್ಚಿ" ಎಂದೆ. ದನಿ ಆದಷ್ಟು ಸಹಜವಾಗಿ ಇಟ್ಟುಕೊಂಡಿದ್ದೆ. ಬೇಡ ಬೇಡ ಎನ್ನುತ್ತಲೇ ಅಪ್ಪ ಕೈ ಚಾಚಿದರು. ಚಾಕುವನ್ನು ಅಂಗೈಯಲ್ಲಿಟ್ಟುಕೊಂಡರು. ಹೆಬ್ಬೆರಳು ಹಿಡಿಯ ಮೇಲೆ ತನ್ನ ಜಾಗ ಹುಡುಕಿತು. ಅಲಗು ತೆರೆದರು, ಉಗುರಿನಿಂದ ಅಳಿಲಿನ ಗುರುತನ್ನು ಸವರಿದರು.

ಅಪ್ಪ ಚಾಕುವನ್ನು ಮೆಲ್ಲಗೆ ಮಡಚಿ ಕೆಳಗಿಟ್ಟರು.

"ಇದು ಆವತ್ತಿಂದೂ ಅಲ್ಲ" ಎಂದರು. "ಆವತ್ತು ಒಂದು ಥರ ಇತ್ತು, ಇವತ್ತು ಇನ್ನೊಂದು ಥರ ಇದೆ. ಅಂದ್ರೆ ಅದು ಬದಲಾಗ್ತಿಲ್ಲ, ನಾನೇ. ದಿನಾ ಬೇರೆ ಬೇರೆ ಥರ ಗೊತ್ತಾಗ್ತಿದೆ ನಂಗೆ." ಚಾಕುವನ್ನು ನನ್ನ ಕಡೆ ಸರಿಸಿ ಹೇಳಿದರು, "ನಾಳೆ ಆಸ್ಪತ್ರೆಯೋರು ಅಲ್ಲೇ ಇರ್ಸಿಕೋತೀವಿ ಅಂದ್ರೆ ಒಪ್ಕೋಬೇಡ ಕಣಮ್ಮ. ನಂಗೆ ಮನೇಲೇ ಇರ್ಬೇಕು."

ಅಪ್ಪ ಹೆದರಿದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ. ನಮ್ಮ ಬೀದಿಯಲ್ಲಿ ಎದೆಮಟ್ಟ ನೀರು ನಿಂತ ವರ್ಷವೂ ಅವರು ಹೆದರಿರಲಿಲ್ಲ. ಆಗಲೂ ನಿಜ ಹೇಳದೆ ಬಾಲ್ಕನಿಗೆ ಹೋಗಿ ಒಣಗದ ಬಟ್ಟೆಗಳನ್ನೆಲ್ಲ ಮಡಚಿದೆ.

ಸೋಮವಾರ ಅಪ್ಪ ಒಂಬತ್ತಕ್ಕೇ ತಯಾರಾಗಿ ಕೂತಿದ್ದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಹಣೆಗೆ ನಾಮ, ಕೈಯಲ್ಲಿ ಹಳೆಯ ಕಣ್ಣಿನ ಚೀಟಿಗಳ ಕವರು. ತುಟಿ ಅಲ್ಲಾಡುತ್ತಿತ್ತು. ಶ್ಲೋಕ ಹೇಳಿಕೊಳ್ಳುತ್ತಿದ್ದಾರೆ ಎಂದುಕೊಂಡೆ. ಹತ್ತಿರ ಹೋಗಿ ಕೇಳಿದರೆ, ವಾರ, ತಿಂಗಳು, ಮನೆ ನಂಬರು, ನನ್ನ ಹುಟ್ಟಿದ ದಿನ, ಮೊಮ್ಮಗಳ ಹುಟ್ಟಿದ ದಿನ. ಡಾಕ್ಟರು ಕೇಳಬಹುದಾದ್ದನ್ನೆಲ್ಲ ಪರೀಕ್ಷೆಗೆ ಹೊರಟ ಹಾಗೆ ಬಾಯಿಪಾಠ ಮಾಡುತ್ತಿದ್ದರು. ಕೆಳಗೆ ಆಟೊದವನು ಹಾರ್ನು ಹೊಡೆದ.

ನಾನು ಅವರ ಮುಂದೆ ನೆಲದ ಮೇಲೆ ಕೂತೆ. "ಅಪ್ಪ, ನಿಮಗೆ ಮರೆವಿಲ್ಲ" ಎಂದೆ. "ಅದು ನಿಮ್ಮ ಚಾಕು ಅಲ್ಲ. ನಿಮ್ಮದನ್ನ ನಾನು ಕಳೆದುಬಿಟ್ಟೆ." ಕೋಯಂಬೇಡು, ಪೆಟ್ಟಿಗೆ, ಇಲ್ಲಿಯದು, ಸಾಣೆಯವನು, ಸೌಕಾರ್‌ಪೇಟೆ, ಎಲ್ಲವನ್ನೂ ಹೇಳಿದೆ. ಅಳುತ್ತಲೇ ಹೇಳಿದೆ. ನಿಮ್ಮ ಕೈ ಎರಡು ಸಲವೂ ಸರಿಯಾಗೇ ಹೇಳಿತ್ತು, ನಾನೇ ಸುಳ್ಳು ಹೇಳಿದ್ದು ಎಂದು ಕೊನೆಗೆ ಹೇಳಿದೆ.

ಕೆಳಗೆ ಮತ್ತೆ ಹಾರ್ನು ಕೇಳಿಸಿತು.

"ಆಟೊದೋನ್ನ ವಾಪಸು ಕಳ್ಸು" ಎಂದರು ಅಪ್ಪ. ಕಳಿಸಿ ಬಂದೆ. "ಎರಡನ್ನೂ ತಗೊಂಡು ಬಾ."

ಎರಡು ಚಾಕುವನ್ನೂ ಮೇಜಿನ ಮೇಲಿಟ್ಟೆ. ಅಪ್ಪ ಅಂಗಿಯ ತೋಳು ಮಡಚಿಕೊಂಡು ಅವನ್ನು ಹತ್ತಿರ ಎಳೆದುಕೊಂಡರು. ಮೊದಲು ಒಂದನ್ನು ಎತ್ತಿ, ತೆರೆದು ಮುಚ್ಚಿ, "ಇದು ಮೊದ್ಲು ಬಂದಿದ್ದು" ಎಂದು ಎಡಕ್ಕಿಟ್ಟರು. "ಇದು ನಿನ್ನೇದು" ಎಂದು ಇನ್ನೊಂದನ್ನು ಬಲಕ್ಕಿಟ್ಟರು. ಎರಡೂ ಸರಿ. ನನ್ನ ಕಡೆ ತಿರುಗಿ, ಸರಿ ತಾನೇ ಎಂದು ಅವರು ಕೇಳಲಿಲ್ಲ. ಎರಡು ವಾರದಲ್ಲಿ ಅಪ್ಪ ಕೇಳದೇ ಇದ್ದದ್ದು ಅದೇ ಮೊದಲು.

"ಎಷ್ಟು ದಿನ ಆಯ್ತು, ಮೊದಲ್ನೇದನ್ನ ತಂದು?"

"ಹದಿನೈದು."

"ಹ್ಞೂಂ." ಬಲಗಡೆಯದನ್ನು ಎತ್ತಿದರು. "ಫಾರಿನ್ನು. ಫಿನಿಷು ಚೆನ್ನಾಗಿದೆ. ಎಲ್ಲೂ ತಪ್ಪು ಹಿಡಿಯೋ ಹಾಗಿಲ್ಲ. ಹಿಡಿ ಮಾತ್ರ ಕೊಂಬಲ್ಲ, ಪ್ಲಾಸ್ಟಿಕ್ಕು, ಕೈ ಬೆವರಿದ್ರೆ ಜಾರತ್ತೆ. ಅಳಿಲನ್ನ ಕೆತ್ತಿಲ್ಲ, ಬರೀ ಅಚ್ಚು ಒತ್ತಿದಾರೆ. ನಂದು ಕೆತ್ತಿದ್ದು." ಕೆಳಗಿಟ್ಟು ಎಡಗಡೆಯದನ್ನು ತೆಗೆದುಕೊಂಡರು. ಇದಕ್ಕೆ ಹೆಚ್ಚು ಹೊತ್ತು ಹಿಡಿಯಿತು. ಅಲಗನ್ನು ಪಕ್ಕಕ್ಕೆ ಅಲ್ಲಾಡಿಸಿ ನೋಡಿದರು, ಉಗುರಿನ ಮೇಲೆ ಅಂಚು ಇಟ್ಟು ನೋಡಿದರು. "ಇದರ ಉಕ್ಕು ಒಳ್ಳೇದು. ಯಾವನೋ ನಮ್ಮೋನು ಶ್ರದ್ಧೆಯಿಂದ ಮಾಡಿದಾನೆ. ನಿನ್ನ ಸಾಣೆಯೋನು ಅದನ್ನ ಕೆಡಿಸಿದಾನೆ, ಆದರೂ ತಡ್ಕೊಂಡಿದೆ. ಸ್ಪ್ರಿಂಗಿನದೇ ತೊಂದ್ರೆ. ಅದನ್ನ ಕಾಯಿಸಿ ಹದ ಕೊಟ್ಟೋನಿಗೆ ಆತುರ ಇತ್ತು." ಅಲಗು ಮಡಚಿ, "ನಿನ್ನ ಹಾಗೆ" ಎಂದರು.

ಕಪ್ಪು ಕಲ್ಲು ತರಿಸಿದರು, ಎಣ್ಣೆ ತರಿಸಿದರು. ನಮ್ಮ ದೇಶದ್ದನ್ನೇ ಮಸೆದರು. ನಾನು ಪಕ್ಕದಲ್ಲೇ ನಿಂತಿದ್ದೆ, ಕೂರು ಎನ್ನಲಿಲ್ಲ. ಮಸೆದು ಮುಗಿಸಿ ಬಟ್ಟೆಯಲ್ಲಿ ಒರೆಸಿ, ನಿನ್ನೆಯಿಂದ ಅಲ್ಲೇ ಇದ್ದ ಸೇಬನ್ನು ಎತ್ತಿಕೊಂಡರು. ಸಿಪ್ಪೆ ಎಳೆಯಾಗಿ ಇಳಿಯಿತು, ಎಲ್ಲೂ ತುಂಡಾಗಲಿಲ್ಲ. ಹಣ್ಣನ್ನು ಎರಡು ಹೋಳು ಮಾಡಿದರು. ಇಷ್ಟಕ್ಕೇ ಮುಗಿಯಿತು, ಅಪ್ಪ ಕ್ಷಮಿಸಿಬಿಟ್ಟರು ಎಂದುಕೊಂಡೆ.

ಅಪ್ಪ ಚಾಕುವನ್ನು ಹಿಡಿ ಮುಂದೆ ಮಾಡಿ ನನ್ನತ್ತ ಚಾಚಿದರು. ಅವರು ಮೇಜಿನ ಮೇಲೆ ಇಡಲಿ ಎಂದು ನಾನು ಕಾದೆ. ಇಡಲಿಲ್ಲ.

"ಹಿಡ್ಕೋ."

"ಕೆಳಗಿಡಿ ಅಪ್ಪ."

"ಇಲ್ಲ. ಕೈಗೇ ತಗೋ" ಎಂದರು. ಎಷ್ಟೋ ವರ್ಷದಿಂದ ಕೇಳದೇ ಇದ್ದ ಟೂಲ್ ರೂಮಿನ ದನಿ ಅದು. "ಇವತ್ತು ನಮ್ಮಿಬ್ಬರಿಗೂ ಜಗಳ ಆಗ್ಬೇಕು."

ನಾನು ಕೈ ಚಾಚಿ ತೆಗೆದುಕೊಂಡೆ. ಅಪ್ಪ ಶುರುಮಾಡಿದರು.